ಕೇಳಿದವರಿಗೆ, ಕೇಳಿದಷ್ಟು: ದಿನನಿತ್ಯದ ಬದುಕಿನಲ್ಲಿ ಕ್ರೈಸ್ತ ವಿಶ್ವಾಸದ ಮಾತು

ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಪಕ್ಕದ ಮೇಜಿನವರು "ನಿನ್ನೆ ಬೆಳಿಗ್ಗೆ ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲೇ ಇಲ್ಲ" ಎನ್ನುತ್ತಾರೆ. ಆ ಹೊತ್ತಿನಲ್ಲಿ ನಾವು ಚರ್ಚಿನಲ್ಲಿದ್ದೆವು. ಆದರೂ ನಮ್ಮಲ್ಲಿ ಹೆಚ್ಚಿನವರ ಬಾಯಿಂದ ಹೊರಡುವ ಉತ್ತರ "ಸ್ವಲ್ಪ ಕೆಲಸವಿತ್ತು ಸರ್" ಎಂಬುದೇ. ಹಲವು ವರ್ಷ ನಾನೂ ಹಾಗೆಯೇ ಹೇಳಿ ಜಾರಿಕೊಂಡಿದ್ದೇನೆ. ಇದರ ಇನ್ನೊಂದು ತುದಿಯಲ್ಲಿ, ಮೆಜೆಸ್ಟಿಕ್‌ನಿಂದ ಹೊರಟ ಬಸ್ಸಿನಲ್ಲಿ ಪಕ್ಕದ ಅಪರಿಚಿತರ ಕೈಗೆ ಕರಪತ್ರ ತುರುಕಿ, ಅವರು ಮುಂದಿನ ನಿಲ್ದಾಣದಲ್ಲಿ ಇಳಿಯುವವರೆಗೂ ಬಿಡದೆ ಮಾತನಾಡುವ ಉತ್ಸಾಹಿಗಳನ್ನೂ ಕಂಡಿದ್ದೇನೆ. ಬಾಯಿ ಮುಚ್ಚಿಕೊಳ್ಳುವುದು ಮತ್ತು ಮೇಲೆ ಬೀಳುವುದು, ಇವೆರಡೂ ನಮಗೆ ಚೆನ್ನಾಗಿ ಗೊತ್ತು. ನಡುವಿನ ಹದವನ್ನು ಮಾತ್ರ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಬೆಂಗಳೂರಿನ ಕನ್ನಡ ಕ್ರೈಸ್ತರಿಗಾಗಿ, ಅವರು ಕಥೋಲಿಕರಾಗಿರಲಿ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯವರಾಗಿರಲಿ, ಪೆಂತೆಕೊಸ್ತ್ ಸಭೆಯವರಾಗಿರಲಿ, ಆ ಹದವನ್ನು ಹೆಜ್ಜೆ ಹೆಜ್ಜೆಯಾಗಿ ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ.

ಬೈಬಲಿನಲ್ಲಿರುವ, ಯೇಸುವಿನ ಶಿಷ್ಯ ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದ ಹದಿನೈದನೆಯ ವಚನವನ್ನು ನಾವು ಸುವಾರ್ತಾ ಕೂಟಗಳಲ್ಲಿ (ಯೇಸುವಿನ ಶುಭವಾರ್ತೆ ಸಾರುವ ಕೂಟಗಳಲ್ಲಿ) ಮತ್ತೆ ಮತ್ತೆ ಕೇಳಿದ್ದೇವೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಹೇಳಲು ಸದಾ ಸಿದ್ಧರಾಗಿರಿ, ಆದರೆ ಅದನ್ನು ಸೌಮ್ಯವಾಗಿಯೂ ಗೌರವದಿಂದಲೂ ಹೇಳಿರಿ ಎಂಬುದು ಅದರ ತಾತ್ಪರ್ಯ. ಅಲ್ಲಿ ಪ್ರಶ್ನೆ ಮೊದಲು ಬರುತ್ತದೆ, ಉತ್ತರ ಆಮೇಲೆ. ಯಾರೋ ಒಬ್ಬರು ನಮ್ಮ ಬದುಕಿನಲ್ಲಿ ಏನನ್ನೋ ಕಂಡು ಕೇಳುತ್ತಾರೆ ಎಂದು ಪೇತ್ರನು ಊಹಿಸಿಕೊಂಡೇ ಬರೆದಿದ್ದಾನೆ. ಯಾರೂ ಏನೂ ಕೇಳುತ್ತಿಲ್ಲವಾದರೆ ಭಾಷಣ ಕಲಿಯುವ ಮೊದಲು ಪರೀಕ್ಷಿಸಿಕೊಳ್ಳಬೇಕಾದ ಬೇರೆ ಸಂಗತಿಗಳಿವೆ. ಮನೆಗೆಲಸದವರ ಸಂಬಳವನ್ನು ತಿಂಗಳ ಮೊದಲ ದಿನಗಳಲ್ಲೇ ಕೊಡುತ್ತೇವೆಯೇ, ಪಾರ್ಕಿಂಗ್ ಜಗಳದಲ್ಲಿ ನಮ್ಮ ದನಿ ಎಷ್ಟು ಏರುತ್ತದೆ, ಬಾಡಿಗೆಯವರ ಮುಂಗಡ ಹಣವನ್ನು ಹಿಂತಿರುಗಿಸುವಾಗ ಸುಣ್ಣಬಣ್ಣದ ನೆಪದಲ್ಲಿ ಎಷ್ಟು ಮುರಿದುಕೊಳ್ಳುತ್ತೇವೆ ಎಂಬುದನ್ನೆಲ್ಲ ಬೀದಿಯವರು ನಮ್ಮ ವಾಕ್ಯಕ್ಕಿಂತ ಮೊದಲೇ ಓದಿರುತ್ತಾರೆ.

ಮೊದಲ ಹೆಜ್ಜೆ: ನಿಜವಾದ ಸಣ್ಣ ಉತ್ತರ

ಆರಂಭಕ್ಕೆ ಧೈರ್ಯವೇನೂ ಬೇಕಾಗಿಲ್ಲ. "ನಿನ್ನೆ ಚರ್ಚಿಗೆ ಹೋಗಿದ್ದೆ, ಅದಕ್ಕೇ ಫೋನ್ ಎತ್ತಲಿಲ್ಲ" ಎಂದರೆ ಸಾಕು. ಮುಂದಿನ ಮಾತನ್ನು ಅವರಿಗೆ ಬಿಡಿ. ಅವರು "ಹೌದಾ, ಪ್ರತಿ ವಾರ ಹೋಗುತ್ತೀರಾ?" ಎಂದರೆ ಇನ್ನೊಂದು ವಾಕ್ಯ ಹೇಳಿ, "ಸರಿ, ಆ ಫೈಲ್ ಎಲ್ಲಿದೆ?" ಎಂದರೆ ಫೈಲ್ ಕೊಡಿ. ಇದನ್ನು ಒಂದು ತಿಂಗಳು ಅಭ್ಯಾಸ ಮಾಡಿದವರಿಗೆ, ತಾವು ಅದುವರೆಗೆ ಎಷ್ಟು ಸಲ ಬಚ್ಚಿಟ್ಟುಕೊಂಡಿದ್ದೆವು ಎಂಬುದು ಅರಿವಿಗೆ ಬರುತ್ತದೆ.

ಎರಡನೆಯ ಹೆಜ್ಜೆ: ಅವರ ಯೇಸುವನ್ನು ಮೊದಲು ಕೇಳಿಸಿಕೊಳ್ಳಿ

ಬೆಂಗಳೂರಿನಲ್ಲಿ ಯೇಸುವಿನ ಹೆಸರನ್ನೇ ಕೇಳದವರು ಸಿಗುವುದು ಕಷ್ಟ. ಆಗಸ್ಟ್ 29ರಂದು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಧ್ವಜ ಏರಿದ ದಿನದಿಂದ ಸೆಪ್ಟೆಂಬರ್ 8ರ ತೇರಿನವರೆಗೆ ಅಲ್ಲಿ ಸೇರುವ ಜನರಲ್ಲಿ ಎಲ್ಲ ಮತದವರೂ ಇರುತ್ತಾರೆ. ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರಗಳಂದು ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುವವರ ಹಣೆಗಳಲ್ಲಿ ಕುಂಕುಮವನ್ನೂ ವಿಭೂತಿಯನ್ನೂ ಕಾಣಬಹುದು. ಇನ್ನು ಕೆಲವರು ಕಾನ್ವೆಂಟಿನಲ್ಲಿ ಓದಿದವರು; ಅವರ ತಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಇಂಗ್ಲಿಷ್ ಸಾಲುಗಳು ಇನ್ನೂ ಉಳಿದಿವೆ. ಮತ್ತೆ ಕೆಲವರು 1886ರಲ್ಲಿ ಆರಂಭವಾದ ಸಂತ ಮಾರ್ತಾ ಆಸ್ಪತ್ರೆಯಲ್ಲಿ ಹುಟ್ಟಿದವರು, ಇಲ್ಲವೇ ತಮ್ಮ ಮಕ್ಕಳನ್ನು ಅಲ್ಲಿ ಹೆತ್ತವರು.

ಆದ್ದರಿಂದ ಎದುರಿಗಿರುವವರನ್ನು ಖಾಲಿ ಪಾತ್ರೆಯೆಂದು ಭಾವಿಸಿ ಸುರಿಯಲು ಹೊರಡಬಾರದು. ನಮ್ಮ ಕೆಳಗಿನ ಮನೆಯವರೊಬ್ಬರು "ನಾವೂ ವಿವೇಕನಗರಕ್ಕೆ ಒಂಬತ್ತು ಗುರುವಾರ ಹೋಗಿದ್ದೆವು" ಎಂದಾಗ ನನ್ನ ನಾಲಿಗೆಯ ತುದಿಯಲ್ಲಿ ಹರಕೆಗೂ ನಿಜವಾದ ವಿಶ್ವಾಸಕ್ಕೂ ಇರುವ ವ್ಯತ್ಯಾಸದ ಬಗ್ಗೆ ಒಂದು ಪುಟ್ಟ ಪ್ರಸಂಗವೇ, ಅಂದರೆ ಉಪದೇಶವೇ, ಸಿದ್ಧವಾಗಿತ್ತು. ಹೇಗೋ ಅದನ್ನು ನುಂಗಿಕೊಂಡು "ಏನು ಬೇಡಿಕೊಂಡಿದ್ದಿರಿ ಅಕ್ಕಾ?" ಎಂದು ಕೇಳಿದೆ. ಮಗಳಿಗೆ ಏಳು ವರ್ಷ ಮಕ್ಕಳಾಗದಿದ್ದ ಕಥೆಯನ್ನು ಅವರು ಮುಕ್ಕಾಲು ಗಂಟೆ ಹೇಳಿದರು. ನಾನು ಪ್ರಸಂಗ ಮಾಡಿದ್ದರೆ ಆ ಕಥೆ ನನಗೆ ಎಂದೂ ಸಿಗುತ್ತಿರಲಿಲ್ಲ, ಅವರ ಪ್ರಾರ್ಥನೆ ಯಾವುದೆಂದು ಗೊತ್ತಾಗುತ್ತಲೂ ಇರಲಿಲ್ಲ.

ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಯೇಸು ಸಮಾರ್ಯದ ಹೆಂಗಸಿನೊಡನೆ ಆಡುವ ಮೊದಲ ಮಾತು ನೀರು ಕೊಡು ಎಂಬ ಬೇಡಿಕೆ. ಕೊಡುವವರಾಗಿ ಹೋಗುವ ಮುನ್ನ ಅವರು ಪಡೆಯುವವರಾಗಿ ಬಾವಿಕಟ್ಟೆಯಲ್ಲಿ ಕುಳಿತರು. ನಾವು ನೆರೆಮನೆಯಿಂದ ಕರಿಬೇವು, ಏಣಿ, ಹೋಳಿಗೆಯ ಹೂರಣದ ಹದ, ಒಳ್ಳೆಯ ಎಲೆಕ್ಟ್ರಿಷಿಯನ್‌ನ ನಂಬರ್ ಇವುಗಳಲ್ಲಿ ಏನನ್ನೂ ಎಂದೂ ಕೇಳದೆ, ನೇರವಾಗಿ ನಿತ್ಯಜೀವವನ್ನೇ ಕೊಡಲು ಹೋದರೆ ಅದು ದೊಡ್ಡಸ್ತಿಕೆಯಾಗಿ ಕಾಣುತ್ತದೆ.

ಮೂರನೆಯ ಹೆಜ್ಜೆ: ಸಭೆಯ ಕನ್ನಡವನ್ನು ಮನೆಯ ಕನ್ನಡಕ್ಕೆ ತನ್ನಿ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಬೇಕೆಂಬುದು ನನ್ನ ಆಗ್ರಹ, ಏಕೆಂದರೆ ನಮ್ಮ ಮಾತು ಎಡವುವುದು ಹೆಚ್ಚಾಗಿ ಇಲ್ಲಿಯೇ. ಚರ್ಚಿನೊಳಗೆ ಬೆಳೆದ ನಮಗೆ ಒಂದು ಪ್ರತ್ಯೇಕ ಕನ್ನಡವಿದೆ. ಅದು ಸುಂದರವಾಗಿದೆ, ಹಳೆಯದಾಗಿದೆ, ಅದರಲ್ಲಿ ನಮ್ಮ ಅಜ್ಜಿಯರ ಕಣ್ಣೀರೂ ಇದೆ. ಆದರೆ ಬೇಲಿಯಾಚೆ ಅದೇ ಪದಗಳು ಬೇರೆಯೇ ಅರ್ಥದಲ್ಲಿ ಓಡಾಡುತ್ತಿರುತ್ತವೆ.

"ಪಾಪ" ಎಂಬ ಪದವನ್ನೇ ತೆಗೆದುಕೊಳ್ಳಿ. ಕನ್ನಡಿಗರು ದಿನಕ್ಕೆ ಹತ್ತು ಸಲ "ಅಯ್ಯೋ ಪಾಪ" ಎನ್ನುತ್ತಾರೆ. ಅಲ್ಲಿ ಅದು ಕನಿಕರದ ಮಾತು. ತೊಟ್ಟಿಲ ಕೂಸೂ ಪಾಪುವೇ. ಆದರೆ "ಪಾಪಿ" ಎಂದೊಡನೆ ಅದು ಬೈಗುಳವಾಗುತ್ತದೆ, ಸಿನಿಮಾದ ಖಳನಾಯಕನಿಗೆ ಹಾಕುವ ಶಾಪವಾಗುತ್ತದೆ. ಹೀಗಿರುವಾಗ "ನಾವೆಲ್ಲರೂ ಪಾಪಿಗಳು" ಎಂದು ಆರಂಭಿಸಿದರೆ, ನಮ್ಮನ್ನು ನಾವೂ ಸೇರಿಸಿಕೊಂಡಿದ್ದೇವೆ ಎಂಬುದನ್ನು ಗಮನಿಸುವಷ್ಟರಲ್ಲಿ ಕೇಳುವವರ ಮುಖ ಬಿಗಿದಿರುತ್ತದೆ. "ಮಾಡಬಾರದೆಂದು ಗೊತ್ತಿದ್ದೂ ಮಾಡುತ್ತೇನೆ, ಬಿಡಬೇಕೆಂದರೂ ನನ್ನಿಂದ ಆಗುವುದಿಲ್ಲ" ಎಂದು ನಮ್ಮ ಬಗ್ಗೆಯೇ ಹೇಳಿದರೆ ಅದೇ ಸಂಗತಿ ಯಾರ ಮನಸ್ಸಿಗೂ ನಾಟುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

"ಹೊಸದಾಗಿ ಹುಟ್ಟಬೇಕು" ಎಂಬ ಮಾತು ಇನ್ನೂ ತೊಡಕಿನದು. ನಾವು ಯೋಹಾನನ ಮೂರನೆಯ ಅಧ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇವೆ. ಕೇಳುವವರು ಪುನರ್ಜನ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ತಲೆದೂಗುತ್ತಾರೆ. ಇಬ್ಬರೂ ಒಪ್ಪಿದಂತೆ ಕಾಣುತ್ತದೆ, ಆದರೆ ಇಬ್ಬರೂ ಬೇರೆ ಬೇರೆ ವಿಷಯ ಮಾತನಾಡಿರುತ್ತಾರೆ. "ಇದೇ ಜನ್ಮದಲ್ಲಿ, ಇದೇ ವಯಸ್ಸಿನಲ್ಲಿ ದೇವರು ನನ್ನನ್ನು ಮೊದಲಿನಿಂದ ಶುರು ಮಾಡಲು ಬಿಟ್ಟರು" ಎಂದರೆ ಗೊಂದಲವಿಲ್ಲ. ಪಾಪದಿಂದ ಬಿಡುಗಡೆ ಎಂಬರ್ಥದಲ್ಲಿ ನಾವು "ರಕ್ಷಣೆ" ಎಂದರೆ ಹೊರಗಿನವರಿಗೆ ಸೈನ್ಯವೂ ಪೊಲೀಸರೂ ನೆನಪಾಗಬಹುದು. "ಸಭೆ" ಎಂದರೆ ಗ್ರಾಮಸಭೆ. "ಕೃಪೆ" ಆಟೋಗಳ ಹಿಂಬದಿಯಲ್ಲಿ ತಂದೆತಾಯಿಯ ಹೆಸರಿನೊಡನೆ ಇರುವ ಮಾತು, ಹಾಗಾಗಿ ಅದು ಸುಮಾರಾಗಿ ದಾಟುತ್ತದೆ. "ನನಗೆ ಅರ್ಹತೆಯಿಲ್ಲದಿದ್ದರೂ ಸಿಕ್ಕಿದ್ದು" ಎಂದು ಜೊತೆಗೆ ಸೇರಿಸಿದರೆ ಪೂರ್ತಿ ದಾಟುತ್ತದೆ. ಕ್ರೈಸ್ತರಲ್ಲದವರಿಗೆ ಬಳಸುವ "ಅನ್ಯಜನರು" ಎಂಬ ಪದವನ್ನು ಮಾತ್ರ ಬಾಯಿಯಿಂದಲೇ ಕಿತ್ತುಹಾಕಬೇಕು. ನಲವತ್ತು ವರ್ಷ ಒಂದೇ ಬೀದಿಯ ನಲ್ಲಿನೀರು ಕುಡಿದವರನ್ನು ಅನ್ಯರೆನ್ನಲು ನಮಗೆ ಯಾವ ಹಕ್ಕೂ ಇಲ್ಲ, ಮತ್ತು ಅವರು ಅದನ್ನು ಒಮ್ಮೆ ಕೇಳಿಸಿಕೊಂಡರೆ ಮರೆಯುವುದೂ ಇಲ್ಲ.

ಈ ಕೆಲಸವನ್ನು ನಾವೇ ಮೊದಲು ಮಾಡುತ್ತಿಲ್ಲ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಶ್ರಮಿಸಿ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಮುದ್ರಣವಾಗುವಂತೆ ಮಾಡಿದರು. ಮುಂದೆ ಕನ್ನಡ ಇಂಗ್ಲಿಷ್ ನಿಘಂಟಿನಿಂದ ಹೆಸರಾದ ಫರ್ಡಿನೆಂಡ್ ಕಿಟೆಲ್ ಅವರು 1862ರಲ್ಲಿ ಹೊರತಂದ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಕಾವ್ಯದ ರೂಢಿಗೆ ಒಗ್ಗುವಂತೆ ಪದ್ಯದಲ್ಲಿ ಹೇಳಿದರು. ಜರ್ಮನಿಯಿಂದ ಬಂದವರೊಬ್ಬರು ಕೇಳುವವರ ಕಿವಿಯನ್ನು ಅಷ್ಟು ಗೌರವಿಸಿರುವಾಗ, ಇಲ್ಲೇ ಹುಟ್ಟಿದ ನಾವು ಪಕ್ಕದ ಮನೆಯವರೊಡನೆ ಕರಪತ್ರದ ಕನ್ನಡದಲ್ಲಿ ಮಾತನಾಡುವುದು ಸೋಮಾರಿತನವೇ ಸರಿ.

ಅಭ್ಯಾಸದ ದಾರಿ ಸರಳವಾಗಿದೆ. ಪ್ರಾರ್ಥನಾ ಕೂಟದಲ್ಲಿ ನೀವು ಸಾಮಾನ್ಯವಾಗಿ ಹೇಳುವ ಸಾಕ್ಷಿಯನ್ನು (ದೇವರು ನಿಮ್ಮ ಬದುಕಿನಲ್ಲಿ ಮಾಡಿದ್ದರ ಮಾತನ್ನು) ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಚರ್ಚಿಗೆ ಬಾರದ ಸ್ನೇಹಿತರೊಬ್ಬರಿಗೆ ಅದನ್ನು ಓದಲು ಕೊಟ್ಟು, ಅರ್ಥವಾಗದ ಪದಗಳಿಗೆ ಗೆರೆ ಎಳೆಯಲು ಹೇಳಿ. ನನ್ನ ಒಂದು ಪುಟದಲ್ಲಿ ಹದಿನೇಳು ಗೆರೆಗಳು ಬಿದ್ದಿದ್ದವು.

ನಾಲ್ಕನೆಯ ಹೆಜ್ಜೆ: ನಿಮ್ಮದೇ ಒಂದು ಕಥೆ, ಎರಡು ನಿಮಿಷದಲ್ಲಿ

ಯೋಹಾನನ ಒಂಬತ್ತನೆಯ ಅಧ್ಯಾಯದ ಹುಟ್ಟುಕುರುಡನು ಪಂಡಿತರ ಪ್ರಶ್ನೆಗಳಿಗೆ ಕೊಟ್ಟ ಉತ್ತರದ ತಿರುಳು ತನಗೆ ಗೊತ್ತಿದ್ದ ಒಂದೇ ಸಂಗತಿಯದು: ಮೊದಲು ಕಣ್ಣು ಕಾಣುತ್ತಿರಲಿಲ್ಲ, ಈಗ ಕಾಣುತ್ತದೆ. ನಮ್ಮ ಕಥೆಯೂ ಅಷ್ಟೇ ಚಿಕ್ಕದಾಗಿರಬೇಕು, ಮತ್ತು ಅದು ಇನ್ನೂ ಮುಗಿದಿಲ್ಲದಿದ್ದರೆ ಮುಗಿದಿಲ್ಲವೆಂದೇ ಹೇಳಬೇಕು. ನಾನು ಹೇಳುವುದು ಹೀಗೆ: "ನಮ್ಮ ತಂದೆ ತೀರಿಕೊಂಡ ಮೇಲೆ ಒಂದು ಸೈಟಿನ ವಿಷಯದಲ್ಲಿ ನನಗೂ ನಮ್ಮ ಅಣ್ಣನಿಗೂ ಮೂರು ವರ್ಷ ಮಾತಿರಲಿಲ್ಲ. ಚರ್ಚಿನಲ್ಲಿ ಪ್ರತಿ ವಾರ ಒಂದು ಪ್ರಾರ್ಥನೆ ಹೇಳುತ್ತೇವೆ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಅಂತ. ಒಂದು ಭಾನುವಾರ ಆ ಸಾಲು ಬಂದಾಗ ಬಾಯಿ ಏಳಲಿಲ್ಲ. ಸಂಜೆ ಅಣ್ಣನ ಮನೆಗೆ ಹೋದೆ. ಸೈಟಿನ ವಿಷಯ ಇನ್ನೂ ಬಗೆಹರಿದಿಲ್ಲ, ಆದರೆ ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುತ್ತೇವೆ. ಯೇಸು ಸ್ವಾಮಿ ನನ್ನನ್ನು ಬಿಡಲಿಲ್ಲ ಅಂತ ನಾನು ಹೇಳುವುದು ಇದಕ್ಕೇ."

ಇದರಲ್ಲಿ ಪವಾಡವಿಲ್ಲ. ಬೆಂಗಳೂರಿನಲ್ಲಿ ಸೈಟಿನ ಜಗಳವಿಲ್ಲದ ಮನೆಗಳು ಕಡಿಮೆಯಾದ್ದರಿಂದ ಕೇಳಿದವರು ಹೆಚ್ಚಾಗಿ "ನಮ್ಮಲ್ಲೂ ಹಾಗೇ ಆಗಿದೆ" ಎಂದು ತಮ್ಮ ಕಥೆಯನ್ನು ತೆರೆಯುತ್ತಾರೆ. ಆಗ ನಮ್ಮ ಕೆಲಸ ಮತ್ತೆ ಕೇಳಿಸಿಕೊಳ್ಳುವುದು. ದೊಡ್ಡ ಕಾಯಿಲೆ ವಾಸಿಯಾದ ಅನುಭವ ನಿಮಗಿದ್ದರೆ ಅದನ್ನೂ ಹೇಳಬಹುದು, ಆದರೆ ಔಷಧಿಯನ್ನೂ ವೈದ್ಯರನ್ನೂ ಕಥೆಯಿಂದ ಅಳಿಸಿಹಾಕಬೇಡಿ, ಅಳತೆಯನ್ನು ಹಿಗ್ಗಿಸಬೇಡಿ.

ಸಂದರ್ಭಗಳು: ಹಬ್ಬ, ಸಾವು, ಕಚೇರಿ

ಕ್ರಿಸ್ಮಸ್ಸಿಗೆ ಕರ್ಜಿಕಾಯಿ, ಕಲ್‌ಕಲ್, ಕೇಕು ತುಂಬಿದ ತಟ್ಟೆಯನ್ನು ನೆರೆಮನೆಗೆ ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು. ಆ ತಟ್ಟೆಯೊಡನೆ ಕರಪತ್ರವಿಡುವುದು ನನಗೆ ಸರಿಕಾಣುವುದಿಲ್ಲ. ತಿಂಡಿಗೆ ಶರತ್ತು ಅಂಟಿದಂತಾಗುತ್ತದೆ. ಆ ಮನೆಯ ಮಕ್ಕಳು ನಮ್ಮ ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳನ್ನು) ನೋಡಲು ಬಂದು "ಪಾಪು ಯಾಕೆ ಹುಲ್ಲಿನ ಮೇಲೆ ಮಲಗಿದೆ ಆಂಟಿ?" ಎಂದು ಕೇಳಿದರೆ, ಅವರ ಅಪ್ಪ ಅಮ್ಮ ಎದುರಿಗಿರುವಾಗ, ಲೂಕನ ಎರಡನೆಯ ಅಧ್ಯಾಯದ ಕಥೆಯನ್ನು ಕಥೆಯಾಗಿ ಹೇಳಿ ನಿಲ್ಲಿಸಿ.

ಕಠಿಣವಾದದ್ದು ಎದುರುದಿಕ್ಕಿನಿಂದ ಬರುವ ತಟ್ಟೆ. ವರಮಹಾಲಕ್ಷ್ಮಿ ಹಬ್ಬದ ಸಂಜೆ ನೆರೆಮನೆಯಿಂದ ಪ್ರಸಾದ ಬಂದಾಗ ಏನು ಮಾಡಬೇಕೆಂಬ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ಒಮ್ಮತವಿಲ್ಲ, ಕೊರಿಂಥದ ಸಭೆಯಲ್ಲಿಯೂ ಇರಲಿಲ್ಲ. ಪೌಲನು ಅವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಎಂಟರಿಂದ ಹತ್ತನೆಯ ಅಧ್ಯಾಯದವರೆಗೆ ಅದನ್ನೇ ಚರ್ಚಿಸಿದ್ದಾನೆ. ನಿಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ ಬಾಗಿಲಲ್ಲೇ ನಗುಮುಖದಿಂದ ಹೇಳಿಬಿಡಿ: "ಅಕ್ಕಾ, ಪ್ರೀತಿಯಿಂದ ತಂದಿದ್ದೀರಿ. ಪೂಜೆಗೆ ಇಟ್ಟದ್ದನ್ನು ನಮ್ಮ ಮನೆಯಲ್ಲಿ ತಿನ್ನುವ ರೂಢಿಯಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಪೂಜೆಗಿಡದ ಒಬ್ಬಟ್ಟು ಉಳಿದಿದ್ದರೆ ನಾಲ್ಕು ಕೊಡಿ." ತೆಗೆದುಕೊಂಡು ತಿನ್ನುವುದೂ ಒಂದು ನಿಲುವು, ತಿಳಿಸಿ ಬಿಡುವುದೂ ಒಂದು ನಿಲುವು. ತೆಗೆದುಕೊಂಡು ಕಸದ ಬುಟ್ಟಿಗೆ ಹಾಕುವುದು ಮಾತ್ರ ಅವಮಾನ. ಕಸ ಬೇರ್ಪಡಿಸುವವರ ಬಾಯಿಂದ ಅದು ಒಂದು ದಿನ ಆ ಮನೆಗೆ ಮುಟ್ಟಿಯೇ ಮುಟ್ಟುತ್ತದೆ.

ಸಾವಿನ ಮನೆಯಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಎದುರು ಮನೆಯ ಅಮ್ಮನವರ ಪತಿ ತೀರಿಕೊಂಡ ಮೂರನೆಯ ದಿನ, ಏನಾದರೂ ಒಳ್ಳೆಯ ಮಾತು ಹೇಳಬೇಕೆಂಬ ಆತುರದಲ್ಲಿ, ಎಲ್ಲವೂ ದೇವರ ಚಿತ್ತದಂತೆ ನಡೆಯುತ್ತದೆ ಎಂದು ಆರಂಭಿಸಿ ಒಂದು ವಚನವನ್ನೂ ಹೇಳಿದೆ. ಅವರು ತಲೆ ಎತ್ತಿ ನೋಡಿದರು, ಏನೂ ಅನ್ನಲಿಲ್ಲ. ಆಮೇಲೆ ಎಷ್ಟೋ ತಿಂಗಳು ನನ್ನನ್ನು ಕಂಡರೆ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಮೊದಲ ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹೊರಗಿನಿಂದ ಬಂದ ನೆಂಟರಿಗೆ ಕಾಫಿ, ವಯಸ್ಸಾದವರಿಗೆ ಗಂಜಿ, ಕುರ್ಚಿ, ಚಿತಾಗಾರದ ಕಾಗದಪತ್ರಕ್ಕೆ ಓಡಾಟ, ಇಷ್ಟಿದ್ದರೆ ಆ ದಿನಗಳಿಗೆ ಸಾಕು. ತಿಂಗಳುಗಳ ನಂತರ, ಎಲ್ಲರೂ ಬರುವುದನ್ನು ನಿಲ್ಲಿಸಿದಾಗ ಹೋಗಿ ಕುಳಿತುಕೊಳ್ಳಿ. ಆಗ ಅವರೇ "ಸತ್ತ ಮೇಲೆ ಏನು ಅಂತೀರಿ ನೀವು?" ಎಂದು ಕೇಳಿದರೆ ನಿಮ್ಮ ನಂಬಿಕೆಯನ್ನು ಹೇಳಿ: ಯೇಸು ಸತ್ತು ಮತ್ತೆ ಎದ್ದು ಬಂದರು, ಆದ್ದರಿಂದ ಸಾವೇ ಕೊನೆಯೆಂದು ನಾನು ನಂಬುವುದಿಲ್ಲ. ತೀರಿಕೊಂಡವರು ಈಗ ಎಲ್ಲಿದ್ದಾರೆಂಬ ತೀರ್ಪನ್ನು ಕೊಡಲು ಹೋಗಬೇಡಿ. ಅದು ನಮ್ಮ ಕೈಯಲ್ಲಿಲ್ಲ.

ಕಾಯಿಲೆಯವರ ಬಳಿ "ನಿಮಗಾಗಿ ಪ್ರಾರ್ಥನೆ ಮಾಡಲೇ? ಇಲ್ಲೇ ಬೇಡವೆಂದರೆ ಮನೆಯಲ್ಲಿ ಮಾಡುತ್ತೇನೆ" ಎಂದು ಕೇಳಿ, ಬೇಡವೆನ್ನಲು ಅವರಿಗೆ ದಾರಿ ಬಿಟ್ಟುಕೊಡಿ. ಒಪ್ಪಿದರೆ ತಗ್ಗಿದ ದನಿಯಲ್ಲಿ, ಅರ್ಧ ನಿಮಿಷದಲ್ಲಿ, ಅವರ ಹೆಸರು ಹಿಡಿದು, ಅವರು ಹೇಳಿದ ಕಷ್ಟವನ್ನೇ ಹೇಳಿ ಮುಗಿಸಿ. ವಾಸಿಯಾಗುತ್ತದೆಂದು ಮಾತು ಕೊಡಬೇಡಿ, ಮಾತ್ರೆ ನಿಲ್ಲಿಸಲು ಎಂದಿಗೂ ಹೇಳಬೇಡಿ. ಪಕ್ಕದ ಹಾಸಿಗೆಯವರು ನಿಮ್ಮ ಸಭಿಕರಲ್ಲ.

ಕಚೇರಿಯಲ್ಲಿ ಒಂದೇ ನಿಯಮ ಸಾಕು. ನಿಮ್ಮ ಕೈಕೆಳಗಿನವರೊಡನೆ, ನಿಮ್ಮಿಂದ ರಜೆ, ಬಡ್ತಿ, ಸಂಬಳ ಪಡೆಯುವವರೊಡನೆ ಈ ಮಾತನ್ನು ನೀವಾಗಿ ತೆಗೆಯಬಾರದು, ಏಕೆಂದರೆ ಅವರು ಬೇಡವೆನ್ನುವ ಸ್ಥಿತಿಯಲ್ಲಿಲ್ಲ. ಮನೆಗೆಲಸದವರಿಗೂ ಬಾಡಿಗೆಯವರಿಗೂ ಇದೇ ಅನ್ವಯಿಸುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪು ಕಾವೇರಿ ನೀರಿನ ಟ್ಯಾಂಕರ್ ಬರುವ ಹೊತ್ತು ತಿಳಿಸಲು ಇದೆ. ಅಲ್ಲಿ ದಿನವೂ ಸೂರ್ಯೋದಯದ ಚಿತ್ರದ ಮೇಲೆ ವಚನ ಹಾಕಿದರೆ ಜನ ಟ್ಯಾಂಕರಿನ ಸಂದೇಶವನ್ನೂ ಓದದಂತಾಗುತ್ತಾರೆ.

ಕಷ್ಟದ ಪ್ರಶ್ನೆಗಳು ಬಂದಾಗ

"ಎಲ್ಲ ದೇವರೂ ಒಂದೇ ಅಲ್ಲವೇ?" ಎಂಬುದು ಈ ಊರಿನಲ್ಲಿ ಹೆಚ್ಚಾಗಿ ಸ್ನೇಹದ ಮಾತು, ಚರ್ಚೆಗೆ ಕರೆಯೋಲೆಯೆಂದು ತಿಳಿದು ತೋಳೇರಿಸಬಾರದು. "ನಾವು ಜಗಳವಾಡಬಾರದು ಅನ್ನುವ ನಿಮ್ಮ ಮಾತು ನನಗೂ ಒಪ್ಪಿಗೆ. ನನ್ನ ಮಟ್ಟಿಗೆ ಯೇಸುವಿನಂಥವರು ಇನ್ನೊಬ್ಬರಿಲ್ಲ, ಅದಕ್ಕೇ ಅವರನ್ನೇ ಹಿಡಿದಿದ್ದೇನೆ" ಎಂದರೆ ಸುಳ್ಳೂ ಇಲ್ಲ, ನೋವೂ ಇಲ್ಲ. ಅವರ ದೇವರ ಬಗ್ಗೆ ಒಂದೂ ಹಗುರ ಮಾತು ಬೇಡ. ಅಥೇನೆಯಲ್ಲಿ (ಗ್ರೀಸಿನ ಅಥೆನ್ಸಿನಲ್ಲಿ) ಪೌಲನಿಗೆ ವಿಗ್ರಹಗಳನ್ನು ಕಂಡು ಒಳಗೆ ಕುದಿದಿತ್ತೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಆದರೂ ಅವನು ಎದ್ದು ನಿಂತು ಮಾತು ಶುರು ಮಾಡಿದ್ದು ಅವರ ಭಕ್ತಿಯನ್ನು ಗುರುತಿಸಿಯೇ.

"ನಿಮ್ಮದು ಬ್ರಿಟಿಷರು ತಂದ ಧರ್ಮ" ಎಂದರೆ, ಕೇರಳದ ಸಿರಿಯನ್ ಕ್ರೈಸ್ತರು ಯುರೋಪಿನ ಹಡಗುಗಳು ಬರುವ ಎಷ್ಟೋ ಶತಮಾನಗಳ ಮುಂಚಿನಿಂದ ಇದ್ದಾರೆ ಎಂದು ಹೇಳಬಹುದು. ಜೊತೆಗೆ, ಬೆಂಗಳೂರು ದಂಡಿನ ಕೆಲವು ಚರ್ಚುಗಳು ಬ್ರಿಟಿಷ್ ಸೈನ್ಯಕ್ಕಾಗಿಯೇ ಕಟ್ಟಿದವು ಎಂಬುದನ್ನೂ ಒಪ್ಪಬೇಕು. "ನಿಮ್ಮಲ್ಲೂ ಜಾತಿ ಇದೆಯಲ್ಲ?" ಎಂದರೆ, ಇದೆ, ಇರಬಾರದು, ಅದಕ್ಕೆ ನಮಗೆ ನಾಚಿಕೆಯಿದೆ ಎನ್ನಿ. ಮದುವೆಯ ಜಾಹೀರಾತು ಓದುವ ಯಾರಿಂದಲೂ ಇದನ್ನು ಮುಚ್ಚಿಡಲಾಗುವುದಿಲ್ಲ.

"ನೀವು ದುಡ್ಡು ಕೊಟ್ಟು ಮತಾಂತರ ಮಾಡುತ್ತೀರಂತೆ" ಎಂಬ ಮಾತಿಗೆ ಸಿಟ್ಟಾಗದೆ ಉತ್ತರಿಸಲು ಕಾನೂನಿನ ಒಂದಿಷ್ಟು ಅರಿವು ಬೇಕು. ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರವೆಂದರೆ ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವ ಹಕ್ಕೇ ಹೊರತು ಇನ್ನೊಬ್ಬರನ್ನು ಮತಾಂತರಗೊಳಿಸುವ ಹಕ್ಕಲ್ಲ ಎಂದು ಹೇಳಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯಿದೆಯು ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣ, ಮದುವೆಯ ಭರವಸೆ ಮುಂತಾದವನ್ನು ಆಮಿಷದ ವ್ಯಾಖ್ಯೆಯೊಳಗೆ ತಂದಿತು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯಿದೆ ಇದ್ದರೂ ಇಲ್ಲದಿದ್ದರೂ ನಮ್ಮ ನಡೆ ಬದಲಾಗಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಶಾಲೆಯ ಫೀಸಿಗೆ ಸಹಾಯ ಮಾಡಿದ ಮನೆಯಲ್ಲಿ ಸುವಾರ್ತೆಯ ಮಾತನ್ನು ನಾವಾಗಿ ಎತ್ತದಿರುವುದೂ, ಸುವಾರ್ತೆ ಕೇಳಿದವರಿಗೆ ಸಹಾಯವನ್ನು ಬಹುಮಾನದಂತೆ ಕೊಡದಿರುವುದೂ ಸತ್ಯಕ್ಕೆ ತೋರುವ ಗೌರವ. ತಂದೆತಾಯಿಯ ಅನುಮತಿಯಿಲ್ಲದೆ ನೆರೆಯ ಮಕ್ಕಳನ್ನು ಸಂಡೇ ಸ್ಕೂಲಿಗೆ ಕರೆದೊಯ್ಯುವುದು ಬೇಡವೇ ಬೇಡ.

ಇನ್ನಷ್ಟು ತಿಳಿಯಬೇಕೆಂದವರಿಗೆ

ಹತ್ತರಲ್ಲಿ ಒಂಬತ್ತು ಸಲ ಮಾತು ಇಲ್ಲಿಗೇ ನಿಲ್ಲುತ್ತದೆ, ನಿಲ್ಲಲಿ. ಮಾರ್ಕನ ಹತ್ತನೆಯ ಅಧ್ಯಾಯದಲ್ಲಿ ಆಸ್ತಿವಂತನೊಬ್ಬನು ಮುಖ ಬಾಡಿಸಿಕೊಂಡು ಹೊರಟುಹೋದಾಗ ಯೇಸು ಅವನ ಹಿಂದೆ ಓಡಲಿಲ್ಲ. ಬೇಡವೆಂದವರೊಡನೆ ಮರುದಿನವೂ ಅದೇ ನಗೆ, ಅದೇ ಕಾಫಿ ಇರಬೇಕು. ನಮ್ಮ ಸ್ನೇಹ ಅವರ ಒಪ್ಪಿಗೆಗಾಗಿ ಹಾಕಿದ ಗಾಳವಾಗಿರಲಿಲ್ಲ ಎಂಬುದು ಗೊತ್ತಾಗುವುದೇ ಆಗ.

ಅಪರೂಪಕ್ಕೆ ಒಬ್ಬರು "ಓದಲು ಏನಾದರೂ ಕೊಡಿ" ಎನ್ನುತ್ತಾರೆ. ಇಡೀ ಬೈಬಲನ್ನು ಕೈಗಿಟ್ಟರೆ ಅವರು ಆದಿಕಾಂಡದಿಂದ ಹೊರಟು ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ. ಹದಿನಾರೇ ಅಧ್ಯಾಯಗಳ ಮಾರ್ಕನ ಸುವಾರ್ತೆಯನ್ನು ಕೊಡಿ. ಮಹಾತ್ಮ ಗಾಂಧಿ ರಸ್ತೆಯ ಬೈಬಲ್ ಸೊಸೈಟಿಯಲ್ಲಿ ಕನ್ನಡದ ಪ್ರತಿಗಳನ್ನು ವಿಚಾರಿಸಬಹುದು. ಹಳೆಯ ಅನುವಾದದ "ಹೇಳಿದ್ದೇನಂದರೆ" ಶೈಲಿ ತೊಡಕಾದರೆ ಈಚಿನ ಸರಳ ಅನುವಾದಗಳೂ ಇವೆ. ವಾರಕ್ಕೊಮ್ಮೆ ಜೊತೆಯಲ್ಲಿ ಓದಿ, ಗೊತ್ತಿಲ್ಲದ್ದಕ್ಕೆ "ನನಗೆ ಗೊತ್ತಿಲ್ಲ, ನಮ್ಮ ಅಯ್ಯನವರನ್ನು (ಪಾದ್ರಿಗಳನ್ನು) ಕೇಳಿ ಹೇಳುತ್ತೇನೆ" ಎನ್ನಿ. ಅವರು ಮುಂದಿನ ಹೆಜ್ಜೆಯ ಮಾತೆತ್ತಿದರೂ ಆತುರ ಬೇಡ. ಕ್ರೈಸ್ತರಾಗುವ ದೀಕ್ಷಾಸ್ನಾನದ ಮಾತು ಸಭಾಪಾಲಕರೊಡನೆ, ಸಾಧ್ಯವಾದರೆ ಮನೆಯವರಿಗೂ ತಿಳಿದು, ನಿಧಾನವಾಗಿ ನಡೆಯಬೇಕು.

ಒಂದು ದಿನ ಚರ್ಚನ್ನು ನೋಡಬೇಕೆಂದು ಅವರೇ ಬಯಸಿದರೆ ಕನ್ನಡದ ಆರಾಧನೆಗೆ ಕರೆದುಕೊಂಡು ಹೋಗಿ. ಈ ಊರಿನಲ್ಲಿ ತಮಿಳು, ಇಂಗ್ಲಿಷ್, ಮಲಯಾಳಂ ಆರಾಧನೆಗಳ ನಡುವೆ ಅದನ್ನು ಹುಡುಕಿಕೊಳ್ಳಬೇಕು. ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ದೇವಾಲಯದಂಥ ಹಳೆಯ ಕನ್ನಡ ಸಭೆಗಳಿವೆ. ಹೊರಡುವ ಮುಂಚೆ ಕೆಲವು ಸಂಗತಿಗಳನ್ನು ತಿಳಿಸಿಬಿಡಿ: ಎಷ್ಟು ಹೊತ್ತು ಹಿಡಿಯುತ್ತದೆ, ಚಪ್ಪಲಿ ಹೊರಗೆ ಬಿಡಬೇಕೇ ಬೇಡವೇ, ಎಲ್ಲರೂ ಎದ್ದಾಗ ಏಳಬೇಕೆಂಬ ಬಲವಂತವಿಲ್ಲ, ಕಾಣಿಕೆಯ ಚೀಲ ಬಂದಾಗ ಏನೂ ಹಾಕದೆ ಮುಂದಕ್ಕೆ ಕೊಡಬಹುದು, ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುವಾಗ ಮಾತ್ರ ಜಾಗದಲ್ಲೇ ಕುಳಿತಿರಬೇಕು. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಡಿ, ಎದ್ದು ನಿಂತು ಪರಿಚಯ ಹೇಳಿಸಬೇಡಿ ಎಂದು ಅಯ್ಯನವರಿಗೂ ಮೊದಲೇ ಹೇಳಿಡಿ. ಗೇಟಿನ ಬಳಿ ನೀವೇ ಕಾದು ನಿಲ್ಲಿ, ಏಕೆಂದರೆ ಮೊದಲ ಸಲ ಬಂದವರು ಒಳಗೆ ಹೋಗಲೋ ಬೇಡವೋ ಎಂದು ಹಿಂದುಮುಂದು ನೋಡುವುದು ಅಲ್ಲಿಯೇ. ಆರಾಧನೆ ಮುಗಿದ ಮೇಲೆ "ಹೇಗನ್ನಿಸಿತು?" ಎಂದು ಕೇಳುವ ಆಸೆಯನ್ನು ತಡೆದುಕೊಂಡು, ಹತ್ತಿರದ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ ತಿನ್ನಿಸಿ, ಅವರ ಬಸ್ಸು ಬರುವವರೆಗೆ ಜೊತೆಯಲ್ಲಿ ನಿಂತಿರಿ.